ಇರುವೆಯ ಕಣಜ: ಒಂದು ಸಂದೇಹದ ಚರಿತ್ರೆ

2025ರ ಮೇ ತಿಂಗಳ ಕೊನೆಯಲ್ಲಿ, ಜೋರಾದ ಮಳೆಯೊಂದು ನಿಂತ ಸಂಜೆ, ನನ್ನ ತಂಗಿಯ ಮಗ ಮತ್ತಿಕೆರೆಯ ನಮ್ಮ ಮನೆಯ ತಾರಸಿಯಿಂದ ಇಳಿದು ಬಂದು ಅಂಗೈ ತೆರೆದು ತೋರಿಸಿದ. ರೆಕ್ಕೆ ಕಳಚಿಕೊಂಡ ಕಂದು ಬಣ್ಣದ ಒಂದು ಇರುವೆ ಅಲ್ಲಿ ಗಾಬರಿಯಿಂದ ಓಡಾಡುತ್ತಿತ್ತು. ‘ಮಾಮ, ಇದು ರಾಣಿ. ಬೀಜ ಕೂಡಿಡುವ ಜಾತಿಯದು. ಸಾಕುತ್ತೇನೆ’ ಎಂದ. ಒಳಗಿನಿಂದ ಬಂದ ನಮ್ಮ ಅಮ್ಮ ಕನ್ನಡಕ ಸರಿಪಡಿಸಿಕೊಂಡು ನೋಡಿ, ‘ರೆಕ್ಕೆ ಬಂದ ಇರುವೆಗೆ ಆಯುಷ್ಯವೇ ಮುಗಿದಿರುತ್ತದೆ ಅಂತಾರೆ. ಅದಕ್ಕೆ ಸೆರೆ ಬೇರೆ ಯಾಕೆ ಮಗು? ಬಿಟ್ಟುಬಿಡು’ ಎಂದರು. ಹುಡುಗ ಬಿಡಲಿಲ್ಲ. ಅರ್ಧ ನೀರು ತುಂಬಿ ಹತ್ತಿಯಿಂದ ಬಂಧಿಸಿದ ಗಾಜಿನ ನಳಿಕೆಯೊಂದರಲ್ಲಿ ಅದನ್ನು ಇಟ್ಟು, ಕೆಂಪು ಕಾಗದ ಸುತ್ತಿ, ನನ್ನ ಪುಸ್ತಕದ ಕಪಾಟಿನ ಕತ್ತಲೆ ಮೂಲೆಯಲ್ಲಿ ಮಲಗಿಸಿದ. ಅಮ್ಮನ ಪ್ರಶ್ನೆ ಮಾತ್ರ ನನ್ನ ಬಳಿಯೇ ಉಳಿಯಿತು. ಅದಕ್ಕೆ ಉತ್ತರ ಹುಡುಕುತ್ತಾ ಹೋದಾಗ ನನಗೆ ಸಿಕ್ಕಿದ್ದು ಒಂದು ವಿಚಿತ್ರವಾದ ಸಂದೇಹದ ಚರಿತ್ರೆ.

ಇರುವೆ ಧಾನ್ಯವನ್ನು ಕೂಡಿಡುತ್ತದೆ ಎಂಬುದನ್ನು ನಮ್ಮ ಒಕ್ಕಲಿಗನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಣದ ಅಂಚಿನಿಂದ ಹೊಲದ ಬದುವಿನವರೆಗೆ ರಾಗಿಯ ಕಾಳನ್ನು ಕಚ್ಚಿಕೊಂಡು ಸಾಗುವ ಸಾಲನ್ನು ಅವನು ದಿನವೂ ಕಂಡಿದ್ದಾನೆ. ಗೂಡಿನ ಬಾಯಿಯ ಸುತ್ತ ಉಂಗುರದಂತೆ ಬಿದ್ದ ಹೊಟ್ಟನ್ನೂ ಕಂಡಿದ್ದಾನೆ. ಭಾಷೆಯಲ್ಲಿಯೂ ಈ ಪರಿಚಯ ಹಳೆಯದು. ಹಳಗನ್ನಡದ ‘ಇಱುಂಪೆ’, ನಡುಗನ್ನಡದ ‘ಇಱುಹೆ’, ಇಂದಿನ ‘ಇರುವೆ’ ಇವು ತಮಿಳಿನ ‘ಎಱುಂಬು’ವಿನೊಡನೆ ಒಂದೇ ಬೇರಿನಿಂದ ಹುಟ್ಟಿದ ಮಾತುಗಳು. ಗೊದ್ದ, ಕಟ್ಟಿರುವೆ, ಚಗಳಿ ಎಂದು ಜಾತಿಗೊಂದು ಹೆಸರಿಟ್ಟವರಿಗೆ ಅವುಗಳ ಬಾಳುವೆಯೂ ತಿಳಿದಿತ್ತು ಎನ್ನಲು ಬೇರೆ ಸಾಕ್ಷಿ ಬೇಡ.

ಆದರೆ ಯೂರೋಪಿನ ವಿದ್ವಾಂಸರು ಒಂದು ಕಾಲದಲ್ಲಿ ಇದನ್ನು ಕಟ್ಟುಕಥೆ ಎಂದು ತಳ್ಳಿಹಾಕಿದ್ದರು. ಈಸೋಪನ ನೀತಿಕಥೆಗಳಲ್ಲಿ ಇರುವೆ ಚಳಿಗಾಲಕ್ಕಾಗಿ ಕಾಳು ಕೂಡಿಡುತ್ತದೆ. ಬೈಬಲ್ಲಿನ ಜ್ಞಾನೋಕ್ತಿಗಳು ಸೋಮಾರಿಗೆ ಇರುವೆಯನ್ನು ಮಾದರಿಯಾಗಿ ತೋರಿಸುತ್ತವೆ. ಇವೆಲ್ಲ ಮೆಡಿಟರೇನಿಯನ್ ತೀರದ, ಬಿಸಿಲ ನಾಡಿನ ಅನುಭವಗಳು. ಉತ್ತರ ಯೂರೋಪಿನ ನಿಸರ್ಗಜ್ಞರು ತಮ್ಮ ಹಿತ್ತಲಿನ ಇರುವೆಗಳನ್ನು ಅಗೆದು ನೋಡಿದಾಗ ಅಲ್ಲಿ ಕಾಳಿನ ಉಗ್ರಾಣ ಕಾಣಲಿಲ್ಲ. 1747ರಲ್ಲಿ ಇಂಗ್ಲೆಂಡಿನ ಇರುವೆಗಳ ಬಗ್ಗೆ ಪುಸ್ತಕ ಬರೆದ ವಿಲಿಯಂ ಗೂಲ್ಡ್ ತನ್ನ ನಾಡಿನ ಇರುವೆಗಳು ಸಂಗ್ರಹ ಮಾಡುವುದಿಲ್ಲವೆಂದು ಸರಿಯಾಗಿಯೇ ಹೇಳಿದ. ಅವನ ನಂತರದವರು ಆ ಮಾತನ್ನು ಲೋಕದ ಎಲ್ಲ ಇರುವೆಗಳಿಗೂ ಹಿಗ್ಗಿಸಿದರು. ಪ್ರಾಚೀನರು ಬಾಯಲ್ಲಿ ಕಚ್ಚಿ ಸಾಗಿಸುವ ಬಿಳಿಯ ಕೋಶಗಳನ್ನು ಕಾಳೆಂದು ಭ್ರಮಿಸಿರಬೇಕು ಎಂಬ ವಿವರಣೆಯೂ ಹುಟ್ಟಿತು. ಕೀಟಶಾಸ್ತ್ರದ ಪ್ರಸಿದ್ಧ ಜೋಡಿ ಕರ್ಬಿ ಮತ್ತು ಸ್ಪೆನ್ಸ್ ಮಾತ್ರ, ಉಷ್ಣದೇಶಗಳ ಇರುವೆಗಳನ್ನು ನೋಡದೆ ತೀರ್ಪು ಕೊಡುವುದು ದುಡುಕು ಎಂದು ಎಚ್ಚರಿಸಿದರು.

ಆ ತೀರ್ಪನ್ನು ತಿದ್ದಿದ ಮೊದಲ ಸಾಕ್ಷ್ಯ ದೊರೆತದ್ದು ನಮ್ಮ ದಖನ್ನಿನಲ್ಲಿ. ಕರ್ನಲ್ ವಿಲಿಯಂ ಹೆನ್ರಿ ಸೈಕ್ಸ್ (1790–1872) ಮುಂಬಯಿ ಸರ್ಕಾರದ ಅಂಕಿಅಂಶಗಳ ಅಧಿಕಾರಿ. ಪುಣೆ, ಅಹಮದ್‌ನಗರ, ಖಾನ್‌ದೇಶಗಳೊಡನೆ ನಮ್ಮ ಧಾರವಾಡವೂ ಅವನ ವರದಿಯ ವ್ಯಾಪ್ತಿಗೆ ಸೇರಿತ್ತು. ಜನ, ಬೆಳೆ, ಕಂದಾಯಗಳನ್ನು ಎಣಿಸುತ್ತಿದ್ದ ಆತ ಹಕ್ಕಿ, ಮೀನು, ಇರುವೆಗಳನ್ನೂ ಬಿಡಲಿಲ್ಲ. 1829ರಲ್ಲಿ ಪುಣೆಯ ಕವಾಯತು ಮೈದಾನದ ಬಳಿ ನಡೆಯುತ್ತಿದ್ದಾಗ, ಉಳದೆ ಬಿಟ್ಟ ನೆಲದ ಮೇಲೆ ಹುಲ್ಲಿನ ಬೀಜದ ಪುಟ್ಟ ಪುಟ್ಟ ರಾಶಿಗಳು ಅವನ ಕಣ್ಣಿಗೆ ಬಿದ್ದವು. ಒಂದೊಂದು ರಾಶಿಯೂ ಹಿಡಿಯಷ್ಟು. ನೋಡಿದರೆ ಇರುವೆಗಳು ಮಳೆಯಲ್ಲಿ ನೆನೆದ ತಮ್ಮ ದಾಸ್ತಾನನ್ನು ಹೊರಗೆ ತಂದು ಬಿಸಿಲಿಗೆ ಹರಡುತ್ತಿದ್ದವು! ಅಂಗಳದಲ್ಲಿ ಚಾಪೆ ಹಾಸಿ ಕಾಳು ಒಣಗಿಸುವ ನಮ್ಮ ಹೆಂಗಸರ ಕೆಲಸವನ್ನೇ ಅವು ಮಾಡುತ್ತಿದ್ದವು. 1835ರಲ್ಲಿ ಲಂಡನ್ನಿನ ಕೀಟಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಇದನ್ನು ಪ್ರಕಟಿಸುವಾಗ ಸೈಕ್ಸ್ ಆ ಇರುವೆಗೆ ‘ಪ್ರಾವಿಡೆನ್ಸ್’ ಎಂಬ ಹೆಸರು ಕೊಟ್ಟ. ಮುಂದಾಲೋಚನೆಯುಳ್ಳದ್ದು ಎಂದು ಆ ಲ್ಯಾಟಿನ್ ಮಾತಿನ ಅರ್ಥ. ಇಂದು ಅದನ್ನು ಫೀಡೋಲೆ ಎಂಬ ಕುಲದಲ್ಲಿ ಸೇರಿಸಿದ್ದಾರೆ.

ಅದೇ ಲೇಖನದಲ್ಲಿ ಇನ್ನೊಂದು ಸ್ವಾರಸ್ಯವಿದೆ. ಸೈಕ್ಸನ ಮನೆಯ ಸಿಹಿತಿಂಡಿಯ ಮೇಜಿನ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ಇಟ್ಟಿದ್ದರೂ ಇರುವೆಗಳು ನೀರನ್ನೇ ದಾಟಿದವು. ಕಾಲುಗಳಿಗೆ ಟರ್ಪೆಂಟೈನ್ ಬಳಿದಾಗ ಗೋಡೆಯನ್ನು ಹತ್ತಿ, ಅಲ್ಲಿಂದ ಮೇಜಿನ ಮೇಲಕ್ಕೆ ಉದುರಿದವು. ಬೆಣ್ಣೆ, ಬೆಲ್ಲದ ಡಬ್ಬಿಗಳನ್ನು ನೀರಿನ ತಟ್ಟೆಯಲ್ಲಿಟ್ಟು ಕಾಯುವ ನಮ್ಮ ಮನೆಗಳ ಗೃಹಿಣಿಯರಿಗೆ ಇದು ಹೊಸ ಸುದ್ದಿಯಲ್ಲ. ಆದರೆ ಇಂಥ ಅಡುಗೆಮನೆಯ ಅನುಭವವನ್ನು ಶಾಸ್ತ್ರದ ಪುಟಕ್ಕೆ ಏರಿಸಬಹುದು ಎಂಬುದೇ ಸೈಕ್ಸನ ಹೊಸತನ.

ಸೈಕ್ಸನ ಮಾತಿಗೆ ದಕ್ಷಿಣದಿಂದ ಬೆಂಬಲ ಕೊಟ್ಟವನು ಮದರಾಸು ಪ್ರಾಂತದ ವೈದ್ಯ ಟಿ. ಸಿ. ಜೆರ್ಡನ್ (1811–1872). ಹಕ್ಕಿಗಳ ಅಧ್ಯಯನದಿಂದ ಹೆಸರಾದ ಆತ 1851ರಲ್ಲಿ ದಕ್ಷಿಣ ಭಾರತದ ಇರುವೆಗಳ ಪಟ್ಟಿಯೊಂದನ್ನು ಮದರಾಸಿನ ಸಾಹಿತ್ಯ–ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟಿಸಿದ. ತೋಟದಲ್ಲಿ ಬಿತ್ತಿದ ಬೀಜವನ್ನು ಮೊಳೆಯುವ ಮೊದಲೇ ಇರುವೆಗಳು ಹೊತ್ತೊಯ್ಯುವುದನ್ನು ಅವನೂ ಕಂಡಿದ್ದ. ಹೀಗೆ ವಸಾಹತು ಅಧಿಕಾರಿಗಳಿಬ್ಬರು ಬರೆದ ಮೇಲೆ ಅದು ‘ಸತ್ಯ’ವಾಯಿತು. ಅವರಿಗೆ ಗೂಡುಗಳನ್ನು ತೋರಿಸಿದ ಆಳುಗಳ, ಮಾಲಿಗಳ ಹೆಸರುಗಳು ಪಟ್ಟಿಯಲ್ಲಿಲ್ಲ. ಚರಿತ್ರೆಯನ್ನು ಓದುವವರು ಈ ಖಾಲಿ ಜಾಗವನ್ನೂ ಓದಬೇಕಾಗುತ್ತದೆ.

ಸಂದೇಹವನ್ನು ಪೂರ್ತಿಯಾಗಿ ನೀಗಿಸಿದವನು ಜಾನ್ ಟ್ರಾಹರ್ನ್ ಮಾಗ್ರಿಜ್. ದೇಹಾರೋಗ್ಯ ಕೆಟ್ಟು ಫ್ರಾನ್ಸಿನ ದಕ್ಷಿಣ ತೀರದ ಮಾಂತೋನ್‌ನಲ್ಲಿ ಚಳಿಗಾಲಗಳನ್ನು ಕಳೆಯುತ್ತಿದ್ದ ಈ ತರುಣ, ಅಲ್ಲಿನ ಗೂಡುಗಳನ್ನು ಅಗೆದು ಉಗ್ರಾಣಗಳನ್ನು ಪತ್ತೆ ಮಾಡಿದ. ಕೆಲವು ಇರುವೆಗಳನ್ನು ರಾಣಿಯ ಸಮೇತ ಗಾಜಿನ ಭರಣಿಯಲ್ಲಿ ಸಾಕಿಯೂ ನೋಡಿದ. ತೇವದ ನೆಲದಲ್ಲಿ ಕೂಡಿಟ್ಟ ಕಾಳು ಮೊಳೆತು ಹಾಳಾಗುವುದಿಲ್ಲವೇ ಎಂಬುದು ಎಲ್ಲರ ಪ್ರಶ್ನೆಯಾಗಿತ್ತು. ಮೊಳಕೆಯ ಬೇರು ತಲೆಯೆತ್ತಿದ ಕೂಡಲೇ ಇರುವೆಗಳು ಅದನ್ನು ಕಡಿದುಹಾಕಿ ಕಾಳನ್ನು ಉಳಿಸಿಕೊಳ್ಳುತ್ತವೆ ಎಂದು ಅವನು ಕಂಡುಕೊಂಡ. ಅವನ ಪುಸ್ತಕ ಹೊರಬಂದದ್ದು 1873ರಲ್ಲಿ. ಮರುವರ್ಷ ಅವನು ತೀರಿಕೊಂಡ. ಆಗ ಅವನ ವಯಸ್ಸು ಕೇವಲ 32.

ನಂಬದಿರುವುದು ಒಂದು ತಪ್ಪಾದರೆ, ಮಿತಿಮೀರಿ ನಂಬುವುದು ಇನ್ನೊಂದು. ಟೆಕ್ಸಾಸಿನ ಲಿನ್ಸ್‌ಕಮ್ ಎಂಬಾತ, ಅಲ್ಲಿನ ಇರುವೆಗಳು ಬೀಜ ಬಿತ್ತಿ ಬೆಳೆಯನ್ನೇ ತೆಗೆಯುತ್ತವೆ ಎಂದು ಬರೆದ. ಡಾರ್ವಿನ್ 1861ರಲ್ಲಿ ಅದನ್ನು ಲಿನಿಯನ್ ಸೊಸೈಟಿಯ ಮುಂದೆ ಇಟ್ಟ. ಗೂಡಿನ ಹೊರಗೆ ಎಸೆದ ಕಾಳು ತಾನಾಗಿ ಮೊಳೆತದ್ದನ್ನು ಆತ ಬೇಸಾಯವೆಂದು ತಿಳಿದಿದ್ದ ಎಂಬುದನ್ನು ಸ್ಪಷ್ಟಪಡಿಸಲು ಮುಂದಿನ ಪೀಳಿಗೆಯ ವೀಲರನೇ ಬರಬೇಕಾಯಿತು.

ಇರುವೆಯನ್ನು ಗಾಜಿನೊಳಗೆ ಸಾಕಿ ನೋಡುವ ಪದ್ಧತಿಯೂ ಹೀಗೆ ಎರಡು ಶತಮಾನಗಳಷ್ಟು ಹಳೆಯದು. ಜಿನೀವಾದ ಪಿಯೆರ್ ಹ್ಯೂಬರ್ 1810ರಲ್ಲಿ ತನ್ನ ಗ್ರಂಥವನ್ನು ಬರೆದದ್ದು ಇಂಥ ಗೂಡುಗಳನ್ನು ನೋಡಿಯೇ. ಇಂಗ್ಲೆಂಡಿನ ಜಾನ್ ಲಬಕ್ ಎರಡು ಗಾಜಿನ ಹಲಗೆಗಳ ನಡುವೆ ತೆಳುವಾಗಿ ಮಣ್ಣು ಹರಡಿ ಇರುವೆಗಳನ್ನು ಇಟ್ಟ. ಅವನಲ್ಲಿದ್ದ ಒಂದು ರಾಣಿ 1874ರಿಂದ 1888ರವರೆಗೆ ಬದುಕಿತ್ತು. ‘ರೆಕ್ಕೆ ಬಂದ ಇರುವೆಗೆ ಆಯುಷ್ಯ ಮುಗಿಯಿತು’ ಎಂಬ ಮಾತು ಗಂಡುಗಳಿಗೆ ಮತ್ತು ಬಹುಪಾಲು ರಾಣಿಗಳಿಗೆ ನಿಜ. ಆದರೆ ನೆಲ ಸಿಕ್ಕಿದ ರಾಣಿಗೆ ಆಯುಷ್ಯ ಆರಂಭವಾಗುವುದೇ ಅಲ್ಲಿಂದ. ಇದನ್ನು ಹೇಳಿದಾಗ ಅಮ್ಮ, ‘ಹಾಗಾದರೆ ಅದಕ್ಕೆ ನೆಲ ಕೊಡಿ, ಗಾಜು ಯಾಕೆ ಕೊಡುತ್ತೀರಿ’ ಎಂದರು.

ನಮ್ಮ ರಾಣಿ ಒಂದು ತಿಂಗಳು ಏನನ್ನೂ ತಿನ್ನಲಿಲ್ಲ. ಹಾರುವುದಕ್ಕಿದ್ದ ಸ್ನಾಯುಗಳನ್ನೂ ಮೈಯ ಕೊಬ್ಬನ್ನೂ ಕರಗಿಸಿಕೊಂಡು ತನ್ನ ಮೊದಲ ಮರಿಗಳನ್ನು ಸಾಕುವುದು ಅದರ ರೀತಿ. ಜುಲೈ ಆರಂಭದಲ್ಲಿ ಐದಾರು ಕೆಲಸಗಾರ ಇರುವೆಗಳು ಕಾಣಿಸಿದವು. ಸಾಮಾನ್ಯ ಕೆಲಸಗಾರರಿಗಿಂತಲೂ ಸಣ್ಣವು, ಬಡಕಲು. ಆಗ ಸಂತೋಷದಲ್ಲಿ ಒಂದು ಚಿಟಿಕೆ ರಾಗಿಯನ್ನು ನಳಿಕೆಯ ಒಳಗೆ ಸುರಿದವನು ನಾನೇ. ಅದು ಹೋಗಿ ಬಿದ್ದದ್ದು ಒದ್ದೆ ಹತ್ತಿಯ ಮೇಲೆ. ಮೂರನೆಯ ದಿನಕ್ಕೆ ರಾಗಿ ಮೊಳೆಯಿತು. ಐದನೆಯ ದಿನಕ್ಕೆ ಬೂಷ್ಟು ಹಿಡಿಯಿತು. ಮೊಳಕೆ ಕಡಿಯುವ ವಿದ್ಯೆ ಗೊತ್ತಿದ್ದರೂ ಐದಾರು ಬಾಯಿಗಳಿಂದ ಎಷ್ಟು ಸಾಧ್ಯ? ಕೆಲವು ಮರಿಹುಳುಗಳು ಸತ್ತವು. ಮಾಗ್ರಿಜನನ್ನು ಓದಿಯೂ ನಾನು ತೇವವನ್ನೂ ಕಣಜವನ್ನೂ ಬೇರೆ ಇಡಬೇಕೆಂಬುದನ್ನು ಮರೆತಿದ್ದೆ. ಹುಡುಗ ಮಾತನಾಡದೆ ಅವುಗಳನ್ನು ಹೊಸ ನಳಿಕೆಗೆ ಸಾಗಿಸಿ, ಒಣ ಡಬ್ಬಿಯೊಂದನ್ನು ಅದಕ್ಕೆ ಜೋಡಿಸಿ, ಅಲ್ಲಿ ನಾಲ್ಕೇ ಕಾಳು ಇಟ್ಟ. ವಾರಕ್ಕೆರಡು ಬಾರಿ ಸತ್ತ ಸೊಳ್ಳೆಯನ್ನೂ ಕೊಟ್ಟ. ಬೆಳೆಯುವ ಮರಿಗಳಿಗೆ ಕಾಳು ಮಾತ್ರ ಸಾಲದು. ದೀಪಾವಳಿಯ ಹೊತ್ತಿಗೆ ದೊಡ್ಡ ತಲೆಯ ಇರುವೆಗಳು ಹುಟ್ಟಿದ್ದವು. ಕಾಳು ಒಡೆಯುವುದು ಅವುಗಳ ಪಾಲಿನ ಕೆಲಸ.

ಅಮ್ಮನ ಪ್ರಶ್ನೆಗೆ ನಾನು ಬಲ್ಲ ಶಾಸ್ತ್ರದಲ್ಲಿ ಉತ್ತರವಿದೆಯೇ? ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದಲ್ಲಿ ಇರುವೆ ಮೂರು ಇಂದ್ರಿಯಗಳ ಜೀವಕ್ಕೆ ನಿದರ್ಶನವಾಗಿ ಬರುತ್ತದೆ: ಸ್ಪರ್ಶ, ರಸ, ಗಂಧ. ಹೆಚ್ಚಿನ ಇರುವೆಗಳಿಗೆ ಕಣ್ಣುಂಟು ಎಂದು ಇಂದಿನ ವಿಜ್ಞಾನ ಹೇಳುತ್ತದೆ. ಆದರೆ ಅವುಗಳ ಲೋಕವನ್ನು ಆಳುವುದು ವಾಸನೆಯೇ ಎಂಬುದರಲ್ಲಿ ಎರಡು ಮಾತಿಲ್ಲ. ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಎಣಿಸುವಾಗ ಮೊದಲು ಬರುವುದು ‘ಬಂಧ’, ಕೊನೆಗೆ ಬರುವುದು ಅನ್ನಪಾನಗಳ ನಿರೋಧ. ಅನ್ನಪಾನವನ್ನು ನಾವು ತಡೆಯಲಿಲ್ಲ, ಅತಿಯಾಗಿ ಕೊಟ್ಟು ಕೆಡಿಸಿದೆವು. ಬಂಧದ ಮಾತಿಗೆ ಮಾತ್ರ ನನ್ನಲ್ಲಿ ಸಮರ್ಥನೆ ಇರಲಿಲ್ಲ. ದಿನವೂ ಹೊಸಲಿನಲ್ಲಿ ಅಕ್ಕಿಹಿಟ್ಟಿನ ರಂಗೋಲಿ ಹಾಕಿ ಇರುವೆಗೆ ಉಣಿಸುವ ಅಮ್ಮನದೂ ಒಂದು ಬಗೆಯ ಸಾಕಣೆಯೇ. ಆದರೆ ಅಲ್ಲಿ ಬರುವುದೂ ಹೋಗುವುದೂ ಇರುವೆಯ ಇಚ್ಛೆ.

ಈ ಬಂಧ ಈಗ ಲೋಕವ್ಯಾಪಾರವೂ ಆಗಿದೆ. ಅದೇ 2025ರ ಮೇ ತಿಂಗಳಲ್ಲಿ ಕೀನ್ಯಾದ ನ್ಯಾಯಾಲಯವೊಂದು, ಬೀಜ ಕೂಡಿಡುವ ಮೆಸ್ಸರ್ ಕುಲದ ದೊಡ್ಡ ಇರುವೆಗಳನ್ನು ಸಾಗಿಸಲು ಹೊರಟಿದ್ದ ನಾಲ್ವರಿಗೆ ತಲಾ 10 ಲಕ್ಷ ಕೀನ್ಯಾ ಶಿಲಿಂಗ್ ದಂಡ ವಿಧಿಸಿತು. ಅದರಲ್ಲಿ ಇಬ್ಬರು ಬೆಲ್ಜಿಯಂನ ಹುಡುಗರ ಬಳಿಯೇ ಸಿಕ್ಕಿದ ಇರುವೆಗಳು ಸುಮಾರು 5,000. ಅವುಗಳಲ್ಲಿ ರಾಣಿಗಳೇ ಹೆಚ್ಚು. ಅವನ್ನು ಇಟ್ಟದ್ದೂ ಹತ್ತಿ ತುರುಕಿದ ನಳಿಕೆಗಳಲ್ಲೇ! ಒಂದು ರಾಣಿ ಎಂದರೆ ಒಂದು ಊರು. ಅಷ್ಟು ಊರುಗಳನ್ನು ಒಂದು ನೆಲದಿಂದ ಕಿತ್ತರೆ ಆ ನೆಲದ ಹುಲ್ಲಿನ ಬೀಜಗಳನ್ನು ಸಾಗಿಸುವವರು, ಮಣ್ಣನ್ನು ಮಗುಚುವವರು ಯಾರು? ಪರದೇಶದಲ್ಲಿ ಅವು ತಪ್ಪಿಸಿಕೊಂಡರೆ ಅಲ್ಲಿನ ನೆಲದ ಗತಿಯೇನು? ನಮ್ಮ ಹುಡುಗ ತಾರಸಿಯ ಇರುವೆಯನ್ನೇ ಆರಿಸಿಕೊಂಡದ್ದು ಸರಿಯಾಯಿತು ಎನಿಸಿದ್ದು ಈ ಸುದ್ದಿಯನ್ನು ಓದಿದ ಮೇಲೆ.

ಡಿಸೆಂಬರಿನಲ್ಲಿ ಅವನಿಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿತು. ಬಿಡುವುದೆಂದು ತೀರ್ಮಾನಿಸಿದಾಗ, ಎಲ್ಲಿ ಎಂಬುದು ಪ್ರಶ್ನೆಯಾಯಿತು. ನಮ್ಮ ಬಡಾವಣೆಯ ಹೆಸರಿನಲ್ಲಿ ಕೆರೆಯಿದೆ. ಬೀದಿಯಲ್ಲಿ ಒಂದು ಗೇಣು ಬರಿಯ ಮಣ್ಣನ್ನು ಹುಡುಕುವುದು ಕಷ್ಟ. ಹಿಂದೆ ಹುಲ್ಲು ಬೆಳೆಯುತ್ತಿದ್ದ ಖಾಲಿ ನಿವೇಶನಗಳಲ್ಲಿ ಈಗ ನಾಲ್ಕಂತಸ್ತಿನ ಮನೆಗಳು. ಪಾದಚಾರಿ ಮಾರ್ಗಕ್ಕೆ ಕಲ್ಲುಹಾಸು, ಮರದ ಬುಡಕ್ಕೂ ಸಿಮೆಂಟು. ಕೊನೆಗೆ ಕಾಂಪೌಂಡಿನ ಮೂಲೆಯ ದಾಸವಾಳದ ಪಾತಿಯಲ್ಲಿ, ಬೇರೆ ಇರುವೆಯ ಗೂಡು ಇಲ್ಲವೆಂದು ಎರಡು ದಿನ ನೋಡಿ ಖಚಿತಪಡಿಸಿಕೊಂಡು, ನಳಿಕೆಯನ್ನು ಮಣ್ಣಿನಲ್ಲಿ ಅರ್ಧ ಹೂತು ಹತ್ತಿಯನ್ನು ತೆಗೆದೆವು. ಅವು ಸಂಜೆಯವರೆಗೂ ಹೊರಬರಲಿಲ್ಲ. ಬೆಳಗ್ಗೆ ನಳಿಕೆ ಖಾಲಿಯಾಗಿತ್ತು.

ಸಂಕ್ರಾಂತಿಯ ಮರುದಿನ ಅಮ್ಮ ನನ್ನನ್ನು ಕರೆದು ಆ ಪಾತಿಯನ್ನು ತೋರಿಸಿದರು. ಸೂಜಿಯ ಮೊನೆಯಷ್ಟು ಒಂದು ತೂತು, ಅದರ ಸುತ್ತ ರಾಗಿಯ ಹೊಟ್ಟಿನ ತೆಳುವಾದ ಉಂಗುರ. ರಾಗಿಯನ್ನು ಅಲ್ಲಿ ಯಾರು ಹಾಕಿದರೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.