ಬಯಲಲ್ಲಿ ಚಳಿ ಕಾಯಿಸೋ ಲೆಕ್ಕ

ತ್ಯಾವಣಿಗೆಯ ನಮ್ಮನೆ ಮುಂದಿನ ಕಟ್ಟೆಗೆ ಒಂದು ಹೀಟರ್ ಹಾಕಿಸಬೇಕು ಅಂತ ಈ ಸಲ ಮನೇಲಿ ಮಾತಾಯ್ತು. ಅಪ್ಪಂಗೆ ಎಪ್ಪತ್ತು ದಾಟಿದೆ. ಡಿಸೆಂಬರ್‌ ಚಳಿಯಲ್ಲೂ ಬೆಳಗಿನ ಐದಕ್ಕೇ ಕಟ್ಟೆ ಮೇಲೆ ಹಾಜರು. ಅಲ್ಲಿ ಕೂತರೆ ತಾನೆ ಡೇರಿಗೆ ಹಾಲು ಹಾಕೋಕೆ ಹೋಗೋರು, ತೋಟಕ್ಕೆ ನೀರು ಬಿಡೋಕೆ ಹೋಗೋರು ಮಾತಿಗೆ ಸಿಗೋದು. ಆ ಕಟ್ಟೆ ಬಿಡಿಸಿದರೆ ಅವರಿಗೆ ಊರೇ ಬಿಡಿಸಿದ ಹಾಗೆ.

ಮೊದಲು ಇದಕ್ಕೆ ಹೀಟರ್ ಬೇಕಿರಲಿಲ್ಲ. ಭದ್ರಾ ನಾಲೆ ಬರೋಕೆ ಮುಂಚೆ ನಮ್ಮ ಸೀಮೆ ಜೋಳ, ರಾಗಿಯದು. ಸುಗ್ಗಿ ಮುಗಿಯೋವರೆಗೂ ಕಣ, ಕಣದ ಕಾವಲಿಗೆ ಬೆಂಕಿ. 1960ರ ದಶಕದಲ್ಲಿ ಅಣೆಕಟ್ಟು ಮುಗಿದು ನೀರು ಬಂತು, ಭತ್ತ ಬಂತು, ಆಮೇಲೆ ಗದ್ದೆಗಳೆಲ್ಲ ಅಡಿಕೆ ತೋಟ ಆದವು. ಕಣ ಹೋದರೂ ಅಡಿಕೆ ಬೇಯಿಸೋ ಒಲೆ ಇತ್ತಲ್ಲ, ರಾತ್ರಿಯೆಲ್ಲ ಅದರ ಮುಂದೆ ಜನ. ಈಗ ಸುಮಾರು ಮಂದಿ ತೋಟ ಚೇಣಿಗೆ ಕೊಡ್ತಾರೆ. ಕಾಯಿ ಕೊಯ್ಯೋದು, ಸುಲಿಯೋದು, ಬೇಯಿಸೋದು ಎಲ್ಲಾ ಚೇಣಿದಾರನ ಜಾಗದಲ್ಲಿ. ಬೆಳೆಯ ಜೊತೆ ಬೆಂಕಿನೂ ಮನೆ ಬಿಟ್ಟು ಹೋಯ್ತು.

ಆ ಬೆಂಕಿ ಮುಂದೆ ಕೂತವರಿಗೆ ಗೊತ್ತು: ಮುಖ ಸುಡ್ತಿರುತ್ತೆ, ಬೆನ್ನು ನಡುಗ್ತಿರುತ್ತೆ. ಸುತ್ತಲಿನ ಗಾಳಿ ತಣ್ಣಗೇ ಇದೆ, ಬೆಂಕಿಗೆ ಎದುರಾದ ಮೈ ಮಾತ್ರ ಬಿಸಿ. ಇದರ ಗುಟ್ಟು 1800ರಲ್ಲಿ ಸಿಕ್ಕಿದ್ದು ವಿಲಿಯಂ ಹರ್ಷೆಲ್‌ಗೆ, ಯುರೇನಸ್ ಕಂಡುಹಿಡಿದವನೇ. ಬಿಸಿಲನ್ನು ಪಟ್ಟಕದಲ್ಲಿ ಒಡೆದು ಒಂದೊಂದು ಬಣ್ಣಕ್ಕೂ ಥರ್ಮಾಮೀಟರ್ ಹಿಡಿದ. ಕೆಂಪು ಮುಗಿದು ಕಣ್ಣಿಗೆ ಏನೂ ಕಾಣದ ಜಾಗದಲ್ಲಿ ಪಾದರಸ ಇನ್ನೂ ಮೇಲೇರಿತು. ಅದೇ ಇನ್‌ಫ್ರಾರೆಡ್. 1906ರಲ್ಲಿ ಅಮೆರಿಕದ ಆಲ್ಬರ್ಟ್ ಮಾರ್ಷ್ ನಿಕಲ್-ಕ್ರೋಮಿಯಂ ತಂತಿಗೆ ಪೇಟೆಂಟ್ ಪಡೆದ. ಎಷ್ಟು ಸಲ ಕೆಂಪಗೆ ಕಾದರೂ ಬೇಗ ಸುಟ್ಟುಹೋಗದ ತಂತಿ ಅದು. ಕರೆಂಟಿನ ಹೀಟರ್ ಮನೆಮನೆಗೆ ಬಂದದ್ದು ಅದರಿಂದಲೇ.

ಬೆಂಗಳೂರಿನ ರೂಫ್‌ಟಾಪ್ ಹೋಟೆಲುಗಳಲ್ಲಿ ನಿಲ್ಲಿಸಿರ್ತಾರಲ್ಲ, ಕೊಡೆಯಂಥ ಗ್ಯಾಸ್ ಹೀಟರ್, ತಮ್ಮನಿಗೆ ಅದೇ ಬೇಕು. ನೋಡೋಕೆ ಚೆಂದ, ನಿಜ. ಆದರೆ 12 ಕಿಲೋವ್ಯಾಟಿನದಾದರೆ ಗಂಟೆಗೆ 900 ಗ್ರಾಂ ದಾಟಿ ಗ್ಯಾಸ್ ಕುಡಿಯುತ್ತೆ. ದಿನಕ್ಕೆ ಎರಡು ಗಂಟೆ ಉರಿಸಿದರೆ 14.2 ಕೆ.ಜಿ. ಗ್ಯಾಸು ಒಂದೇ ವಾರಕ್ಕೆ ಖಾಲಿ. ಆ ಬಿಸಿಯಲ್ಲೂ ಬಹುಪಾಲು ಗಾಳಿಯ ಜೊತೆ ಮೇಲಕ್ಕೆ. ಫ್ರಾನ್ಸಿನಲ್ಲಂತೂ ಹೋಟೆಲುಗಳ ಹೊರಗೆ ಹೀಟರ್ ಇಡೋದನ್ನೇ 2022ರ ಏಪ್ರಿಲ್‌ನಿಂದ ನಿಷೇಧಿಸಿದ್ದಾರೆ. ಫ್ಯಾನ್ ಇರೋ ಬ್ಲೋಯರ್ ಬಯಲಿಗೆ ಇನ್ನೂ ದಂಡ.

ನನ್ನ ಆಯ್ಕೆ 1500 ವ್ಯಾಟಿನ, ಗೋಡೆಗೆ ಕೂರಿಸೋ ಇನ್‌ಫ್ರಾರೆಡ್ ಹೀಟರ್. ಎರಡು ಗಂಟೆಗೆ ಮೂರು ಯೂನಿಟ್ ಅಷ್ಟೆ. ಗಾಳಿ ಬೀಸಿದರೂ ಅದರ ಕಿರಣ ನೆಟ್ಟಗೆ ಮೈಗೇ ಬೀಳುತ್ತೆ. ಇಬ್ಬನಿ, ಎರಚಲು ತಡೆಯೋಕೆ ಕನಿಷ್ಠ ಐಪಿಎಕ್ಸ್4 ಇರಬೇಕು, 16 ಆಂಪಿಯರ್ ಸಾಕೆಟ್ಟು, ಸರಿಯಾದ ಅರ್ಥಿಂಗ್. ಬೆನ್ನಿಗೆ ಕಂಬಳಿಯೇ ಗತಿ. ಅದಕ್ಕೆ ಯಾವ ಮಾಡೆಲ್ಲೂ ಇಲ್ಲ.

ಕರೆಂಟು ಹೋದ ದಿನ ಬಾಣಲೆಯಲ್ಲಿ ಕೆಂಡ ಇಟ್ಕೊಳ್ಳಲಿ, ಕಟ್ಟೆ ಮೇಲೆ ತೊಂದರೆಯಿಲ್ಲ. ಆದರೆ ಅದೇ ಬಾಣಲೆ ಒಳಗೆ ತಂದು ಬಾಗಿಲು ಹಾಕಿ ಮಲಗಿದರೆ ಕಾರ್ಬನ್ ಮೊನಾಕ್ಸೈಡ್ ಜೀವ ತೆಗೆಯುತ್ತೆ. ವಾಸನೆಯೂ ಬರಲ್ಲ. ಅಪ್ಪಂಗೆ ಎರಡು ಸಲ ಹೇಳಿದೀನಿ, ಅಮ್ಮಂಗೆ ಮೂರು ಸಲ.