ಔಷಧವೆಂಬ ಹೆಸರಿನ ವಿಷ

ಚಂದ್ರಂಪಳ್ಳಿ, ಚಿಂಚೋಳಿ, ಸೇಡಂ ಎಂದರೆ ತೊಗರಿಯ ಸೀಮೆ. ಬೆಳೆಗೆ ಸಿಂಪಡಿಸುವ ವಿಷಕ್ಕೆ ಈ ಕಡೆಯ ರೈತರು ‘ಎಣ್ಣಿ’ ಎನ್ನುವುದುಂಟು; ಅಂಗಡಿಯವರ ಬಾಯಲ್ಲಿ ಅದು ‘ಔಷಧ’. ಒಂದು ಅಡಿಗೆಮನೆಯ ಮಾತು, ಇನ್ನೊಂದು ವೈದ್ಯನ ಮಾತು. ವಿಷವೆಂಬ ಮಾತು ಡಬ್ಬಿಯ ಮೇಲಿನ ಅಚ್ಚಿನಲ್ಲಿಯೇ ಉಳಿಯಿತು. ಹೊಲದ ಆಳು ಅರಿಯದೆ ವಿಷವುಂಡ ಚರಿತ್ರೆಯನ್ನು ತೆಗೆದು ನೋಡಿದರೆ, ವಿಷವು ಆಹಾರದ ಹೆಸರನ್ನೂ ಪಾತ್ರೆಯನ್ನೂ ಪಡೆದುದೇ ಎಷ್ಟೋ ಸಲ ಅನಾಹುತಕ್ಕೆ ಕಾರಣವಾಗಿದೆ.

ನಮ್ಮ ದೇಶಕ್ಕೆ ಇದರ ಅರಿವಾದದ್ದು 1958ರಲ್ಲಿ, ಕೇರಳದಲ್ಲಿ. ಫಾಲಿಡಾಲ್ ಎಂಬ ಕೀಟನಾಶಕವೂ ತಿನ್ನುವ ಗೋಧಿಯೂ ಒಂದೇ ಹಡಗಿನಲ್ಲಿ ಬಂದಿದ್ದವು. ವಿಷ ಸೋರಿತು; ನೂರಕ್ಕೂ ಹೆಚ್ಚು ಮಂದಿ ಸತ್ತರು. ವಿಚಾರಣೆ ನಡೆಯಿತು. ಕೀಟನಾಶಕ ಕಾಯಿದೆ ಬಂದದ್ದು ಹತ್ತು ವರ್ಷಗಳ ಮೇಲೆ, 1968ರಲ್ಲಿ. ಹೆಸರು ಕೀಟದ್ದಾದರೂ ಕಳೆನಾಶಕಗಳೂ ಅದರ ಅಂಕೆಗೆ ಸೇರಿದವು.

ಕಳೆನಾಶಕಗಳಲ್ಲಿ ಅತ್ಯಂತ ಕುಖ್ಯಾತವಾದುದು ಪ್ಯಾರಾಕ್ವಾಟ್. ಈ ರಾಸಾಯನಿಕವನ್ನು 1882ರಲ್ಲಿಯೇ ತಯಾರಿಸಿದ್ದರು. ಅದು ಹಸುರನ್ನು ಸುಡುತ್ತದೆಂದು ಇಂಗ್ಲೆಂಡಿನ ಐ.ಸಿ.ಐ. ಕಂಪೆನಿಯವರು ಕಂಡುಕೊಂಡದ್ದು 1955ರಲ್ಲಿ. 1962ರಲ್ಲಿ ಮಾರಾಟಕ್ಕೆ ಬಂದಿತು. ಕಡು ಕಂದು ಬಣ್ಣದ ದ್ರವ. ದೊಡ್ಡ ಡಬ್ಬಿಯಿಂದ ಒಂದಿಷ್ಟನ್ನು ಪಾನೀಯದ ಸೀಸೆಗೆ ಬಗ್ಗಿಸಿ ಇಡುವುದು, ಇನ್ನೊಬ್ಬ ದಣಿದು ಬಂದು ಅದನ್ನು ಗುಟುಕರಿಸುವುದು: ಅರುವತ್ತರ ದಶಕದಲ್ಲಿ ನಾನಾ ದೇಶಗಳಿಂದ ಬಂದ ವರದಿಗಳಲ್ಲಿ ಇದೇ ಕಥೆ. ಒಂದೇ ಗುಟುಕು ಸಾಕು. ಬಾಯಿ, ಗಂಟಲು ಸುಡುತ್ತದೆ, ಮೂತ್ರಪಿಂಡ ಕೆಡುತ್ತದೆ, ವಿಷವು ಶ್ವಾಸಕೋಶದಲ್ಲಿ ಸಂಗ್ರಹವಾಗುತ್ತದೆ. ಉಸಿರಿಗಾಗಿ ಒದ್ದಾಡುವವನಿಗೆ ಆಮ್ಲಜನಕ ಕೊಟ್ಟರೆ ಹಾನಿ ಹೆಚ್ಚಬಹುದು. ಇದಕ್ಕಿಂತ ಕ್ರೂರವಾದ ವಿಷ ಮತ್ತೊಂದಿರಲಾರದು. ಪ್ರತಿವಿಷ ಇಂದಿಗೂ ಇಲ್ಲ. ಕುಡಿಯದವರೂ ಪಾರಾಗಲಿಲ್ಲ; ಬೆನ್ನಿನ ಪಂಪು ಸೋರಿ, ಗಾಯವಾದ ಚರ್ಮದ ಮೂಲಕ ವಿಷವೇರಿ ಸತ್ತ ಕೂಲಿಗಳುಂಟು.

ತಯಾರಕರು ಎಪ್ಪತ್ತರ ದಶಕದಲ್ಲಿ ಅದಕ್ಕೆ ನೀಲಿ ಬಣ್ಣ, ದುರ್ವಾಸನೆ, ವಾಂತಿಕಾರಕಗಳನ್ನು ಬೆರೆಸಿದರು. ಸೀಸೆಯ ತಪ್ಪನ್ನು ಕಣ್ಣು ಮೂಗುಗಳಾದರೂ ಹಿಡಿಯಲೆಂಬುದು ಅವರ ಯೋಚನೆ. ಐರೋಪ್ಯ ಒಕ್ಕೂಟದಲ್ಲಿ 2007ರಲ್ಲಿ ಅದರ ಬಳಕೆ ನಿಂತಿತು; 1958ರ ನೋವನ್ನುಂಡ ಕೇರಳ 2011ರಲ್ಲಿ ನಿಷೇಧಿಸಿತು.

ಕೂಲಿ ದುಬಾರಿಯಾದಂತೆ, ಹೆಂಗಸರು ಕುರ್ಪಿ ಹಿಡಿದು ಕೂತು ಕಸ ತೆಗೆಯುತ್ತಿದ್ದ ಹೊಲಗಳಿಗೂ ಕಳೆನಾಶಕ ಇಳಿಯಿತು. ಡಬ್ಬಿಯ ಮೇಲೆ ವಿಷದ ತೀವ್ರತೆಗೆ ತಕ್ಕ ಬಣ್ಣದ ತ್ರಿಕೋನವಿರಬೇಕೆಂದೂ, ಬರಿದಾದ ಡಬ್ಬಿಯನ್ನು ಒಡೆದು ಊರಿನಿಂದ ದೂರ ಹೂಳಬೇಕೆಂದೂ 1971ರ ನಿಯಮಗಳು ಹೇಳುತ್ತವೆ. ಮುಚ್ಚಳ ಭದ್ರವಾಗಿರುವ, ಐದು ಲೀಟರು ಹಿಡಿಯುವ ಗಟ್ಟಿ ಡಬ್ಬಿ. ಕುಡಿಯುವ ನೀರನ್ನು ಹೊಲಕ್ಕೆ ಹೊತ್ತೊಯ್ಯಬೇಕಾದ ಮನೆಯಲ್ಲಿ ಅದನ್ನು ಒಡೆಯುವ ಕೈ ಯಾವುದು?