ಪದರಪಟಗಳು: ಕಾಗದದಿಂದ ಗಣಕಯಂತ್ರದವರೆಗೆ

ವೈದ್ಯವಿದ್ಯಾರ್ಥಿಯು ಬರಿದೆ ನೋಡಿ ಓದುವುದಲ್ಲದೆ, ತನ್ನ ಕೈಯಿಂದಲೇ ಬಿಚ್ಚಿ, ತಿರುಗಿಸಿ, ಒಳಗನ್ನು ಹುಡುಕಿ ಕಲಿಯುವಂಥ ಪಾಠಸಾಮಗ್ರಿಯು ಗಣಕಯಂತ್ರದೊಡನೆ ಹುಟ್ಟಿತೆಂದು ಅನೇಕರು ಭಾವಿಸಿರುತ್ತಾರೆ. ಈ ಭಾವನೆಯು ಸರಿಯಲ್ಲ. 1538ರಲ್ಲಿಯೇ ಸ್ಟ್ರಾಸ್‌ಬರ್ಗ್ ನಗರದಲ್ಲಿ ಹೈನ್‌ರಿಖ್ ಫೋಗ್ಟ್‌ಹೆರ್ ಎಂಬ ಚಿತ್ರಕಾರ-ಮುದ್ರಕನು ಮಾನವದೇಹದ ಪಟವೊಂದನ್ನು ಹೊರಡಿಸಿದನು. ಅದರ ಮುಂಡಭಾಗದಲ್ಲಿ ಕಾಗದದ ತುಂಡುಗಳನ್ನು ಒಂದರ ಮೇಲೊಂದಾಗಿ ಅಂಟಿಸಿದ್ದಿತು; ಒಂದೊಂದನ್ನೇ ಎತ್ತಿದಂತೆ ಒಳಗಿನ ಅವಯವಗಳು ಕಾಣಬರುತ್ತಿದ್ದುವು. 1543ರಲ್ಲಿ ವೆಸಾಲಿಯಸನು ತನ್ನ ಮಹಾಗ್ರಂಥದೊಡನೆ ಬೇಸೆಲ್ ನಗರದಲ್ಲಿ ಪ್ರಕಟಿಸಿದ ‘ಎಪಿಟೊಮೆ’ ಎಂಬ ಸಂಗ್ರಹದಲ್ಲಿಯೂ, ಓದುಗನೇ ಕತ್ತರಿಸಿ ಅಂಟಿಸಿಕೊಂಡು ದೇಹವನ್ನು ಜೋಡಿಸಬೇಕಾದ ಹಾಳೆಗಳಿದ್ದುವು. ಕೈಯಾಡಿದಷ್ಟೂ ಹರಿದುಹೋಗುವ ವಸ್ತುಗಳಾದ್ದರಿಂದ ಇಂಥವು ಪೂರ್ಣವಾಗಿ ಉಳಿದಿರುವುದು ವಿರಳ. ಚೆನ್ನಾಗಿ ಉಪಯೋಗಕ್ಕೆ ಬಂದ ಪಾಠಪುಸ್ತಕವೇ ಚರಿತ್ರಕಾರನ ಕೈಗೆ ಸಿಕ್ಕದೆ ಹೋಗುವುದು ವಿಚಿತ್ರವಾದರೂ ಸಹಜವಾಗಿದೆ.

ಆ ಪಟಗಳ ಹಿಂದಿದ್ದ ದೇಹಗಳು ಯಾರವು? 1539ರಲ್ಲಿ ಪದುವಾ ನಗರದ ನ್ಯಾಯಾಧೀಶನಾದ ಕಾಂಟಾರಿನಿಯು ಮರಣದಂಡನೆ ಹೊಂದಿದ ಅಪರಾಧಿಗಳ ಶವಗಳನ್ನು ವೆಸಾಲಿಯಸನಿಗೆ ದೊರಕಿಸಿಕೊಟ್ಟನು. ಇಂಗ್ಲೆಂಡಿನಲ್ಲಿ 1752ರ ಶಾಸನವು ಕೊಲೆಗಡುಕರ ಶವಚ್ಛೇದನವನ್ನು ಶಿಕ್ಷೆಯ ಅಂಗವಾಗಿಯೇ ವಿಧಿಸಿತು. ಆದರೆ ಚಿತ್ರಕಾರನ ಲೇಖನಿಯು ಹಲವು ಶವಗಳನ್ನು ಸೇರಿಸಿ ಯಾರದೂ ಅಲ್ಲದ ಒಂದು ದೇಹವನ್ನು ಬರೆಯುತ್ತಿದ್ದಿತಾಗಿ, ಸತ್ತವನ ಗುರುತು ಪಟದಲ್ಲಿ ಅಳಿದುಹೋಗುತ್ತಿದ್ದಿತು.

ಗಣಕಯಂತ್ರವು ಈ ಕಾರ್ಯಕ್ಕೆ ಮೊದಲು ಬಂದುದು ದೇಹವಿಲ್ಲದೆಯೇ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ 1960ರಲ್ಲಿ ಆರಂಭವಾದ ‘ಪ್ಲೇಟೋ’ ಎಂಬ ಬೋಧನಾವ್ಯವಸ್ಥೆಯಲ್ಲಿ ಮೇರಿಯಾನ್ ಬಿಟ್ಜರ್ ಎಂಬಾಕೆಯು ದಾದಿಯರ ಶಿಕ್ಷಣಕ್ಕಾಗಿ ಪಾಠವನ್ನು ರಚಿಸಿದರು. ವಿದ್ಯಾರ್ಥಿನಿಯು ಕೀಲಿಗಳನ್ನೊತ್ತಿ ಕಲ್ಪಿತ ಹೃದ್ರೋಗಿಯೊಬ್ಬನ ವಿಷಯವನ್ನು ತಾನೇ ವಿಚಾರಿಸಿ ತಿಳಿಯಬೇಕಾಗಿದ್ದಿತು. ರೋಗಿಯು ಕಲ್ಪಿತನಾದುದರಿಂದ ಅಲ್ಲಿ ಯಾರ ಒಪ್ಪಿಗೆಯ ಪ್ರಶ್ನೆಯೂ ಹುಟ್ಟಲಿಲ್ಲ.

ಆ ಪ್ರಶ್ನೆಯು ತಲೆದೋರಿದುದು ‘ವಿಸಿಬಲ್ ಹ್ಯೂಮನ್’ ಯೋಜನೆಯಲ್ಲಿ. ಅಮೆರಿಕದ ರಾಷ್ಟ್ರೀಯ ವೈದ್ಯಗ್ರಂಥಾಲಯವು 1986ರಲ್ಲಿ ಇದನ್ನು ಚಿಂತಿಸಿತು. ಕೊಲರಾಡೊ ವಿಶ್ವವಿದ್ಯಾನಿಲಯದ ವಿಕ್ಟರ್ ಸ್ಪಿಟ್ಜರ್ ಮತ್ತು ಡೇವಿಡ್ ವಿಟ್ಲಾಕ್ ಎಂಬ ವಿದ್ವಾಂಸರು ನೆರವೇರಿಸಿದರು. ಹಿಮಗಟ್ಟಿಸಿದ ಶವವನ್ನು ಒಂದೊಂದು ಮಿಲಿಮೀಟರಿನಷ್ಟು ತೇಯುತ್ತ, ಪ್ರತಿಯೊಂದು ಹೊಸ ಮೈಯ ಛಾಯಾಚಿತ್ರವನ್ನು ತೆಗೆಯಲಾಯಿತು. ಹೀಗೆ ದೊರೆತ 1871 ಚಿತ್ರಗಳನ್ನು 1994ರಲ್ಲಿ ಲೋಕಕ್ಕೆ ಒಪ್ಪಿಸಲಾಯಿತು. ಮರುವರ್ಷ ಸ್ತ್ರೀದೇಹವೊಂದರ 5189 ಚಿತ್ರಗಳು ಬಂದುವು. ಅಲ್ಲಿ ತೇಯ್ದುದು ಒಂದೊಂದು ಸಲಕ್ಕೆ 0.33 ಮಿಲಿಮೀಟರು ಮಾತ್ರ. ಚಿತ್ರವು ಉಳಿಯಿತು, ದೇಹವು ಪುಡಿಯಾಯಿತು. ಈ ಚಿತ್ರಗಳನ್ನು ಯಂತ್ರದಲ್ಲಿ ಮರಳಿ ಜೋಡಿಸಿದರೆ ವಿದ್ಯಾರ್ಥಿಯು ದೇಹವನ್ನು ಬೇಕಾದ ಕಡೆ ಕೊಯ್ದು, ಮತ್ತೆ ಮುಚ್ಚಿ, ಮತ್ತೊಂದು ಕಡೆ ಕೊಯ್ಯಬಹುದು. ಫೋಗ್ಟ್‌ಹೆರನ ಕಾಗದಕ್ಕೆ ಈ ಶಕ್ತಿಯಿರಲಿಲ್ಲ.

ಆ ಪುರುಷದೇಹವು ಜೋಸೆಫ್ ಪಾಲ್ ಜೆರ್ನಿಗನ್ ಎಂಬಾತನದು. ಕೊಲೆಯ ಅಪರಾಧಕ್ಕಾಗಿ 1993ರ ಆಗಸ್ಟಿನಲ್ಲಿ ಟೆಕ್ಸಸ್ ಪ್ರಾಂತದಲ್ಲಿ ವಿಷದ ಸೂಜಿಮದ್ದಿನಿಂದ ಈತನಿಗೆ ಮರಣದಂಡನೆಯಾಯಿತು. ಯೋಜನೆಯವರು ಹೆಸರನ್ನು ಹೊರಗೆಡಹದಿದ್ದರೂ ಪತ್ರಿಕೆಗಳವರು ಬೇಗನೆ ಕಂಡುಹಿಡಿದರು. ಯಂತ್ರವು ಬರೆದ ದೇಹದಲ್ಲಿ ಗುರುತು ಅಳಿಯುವುದಿಲ್ಲವಷ್ಟೆ. ಈತನಿಗೆ ಅಪೆಂಡಿಕ್ಸ್ ಇರಲಿಲ್ಲ, ಒಂದು ವೃಷಣವೂ ಇರಲಿಲ್ಲ. ಮಾದರಿಯೆನಿಸಿದ ದೇಹವು ಹಾಗೆಯೇ ಪಾಠಕ್ಕೆ ಬಂದಿತು. ಆತನು ತನ್ನ ದೇಹವನ್ನು ವಿಜ್ಞಾನಕ್ಕೆ ದಾನಮಾಡಿ ಸಹಿ ಹಾಕಿದ್ದುದು ನಿಜ. ಆದರೆ ಆ ದಾನವು ಇಂಥ ರೂಪವನ್ನು ತಾಳುವುದೆಂಬ ಅರಿವು ಆತನಿಗಿರಲಿಲ್ಲ. ಅರಿಯದೆ ಕೊಟ್ಟುದನ್ನು, ಅದೂ ಸೆರೆಯಲ್ಲಿದ್ದು ಕೊಟ್ಟುದನ್ನು, ಪೂರ್ಣದಾನವೆಂದು ಎಣಿಸಲು ನನ್ನ ಮನಸ್ಸು ಒಪ್ಪುವುದಿಲ್ಲ. ಪದುವಾದ ಗಲ್ಲುಮರದಿಂದ ನಾವು ಬಹಳ ದೂರ ಬಂದಿದ್ದೆವೆಂದು ಹೇಳುವುದು ಕಷ್ಟ. ಚಿತ್ರಗಳನ್ನು ಉಪಯೋಗಿಸುವವರಾದರೋ 2019ರವರೆಗೆ ಒಪ್ಪಂದಪತ್ರಕ್ಕೆ ಸಹಿ ಹಾಕಬೇಕಾಗಿದ್ದಿತು. ಆ ವರ್ಷದಿಂದ ಅದೂ ಬೇಡವಾಯಿತು.

ಇದಕ್ಕೆ ಪ್ರತಿಯಾದ ದೃಷ್ಟಾಂತವೂ ಅದೇ ಸ್ಪಿಟ್ಜರರ ಬಳಿಯಲ್ಲಿಯೇ ದೊರೆಯುತ್ತದೆ. ಸೂಸನ್ ಪಾಟರ್ ಎಂಬ ವೃದ್ಧೆಯು ಈ ಕಾರ್ಯಕ್ಕೆ ತನ್ನ ದೇಹವನ್ನು ಕೊಡುವೆನೆಂದು 2000ದಲ್ಲಿ ತಾನಾಗಿಯೇ ಮುಂದೆ ಬಂದಳು. ದೇಹವನ್ನು ಕೊಯ್ಯುವ ಸಲಕರಣೆಗಳನ್ನು ತಾನು ಕಣ್ಣಾರೆ ನೋಡಬೇಕೆಂದು ಹಟಹಿಡಿದಳು. ಆ ಸಮಯದಲ್ಲಿ ಗುಲಾಬಿ ಹೂಗಳೂ ಸಂಗೀತವೂ ಇರಬೇಕೆಂದು ಕೇಳಿಕೊಂಡಳು. ಹದಿನೈದು ವರ್ಷಗಳ ಕಾಲ ಆಕೆಯು ವೈದ್ಯವಿದ್ಯಾರ್ಥಿಗಳೊಡನೆ ಒಡನಾಡಿ, ತನ್ನ ನೋವು, ಕೋಪ, ಬಾಳಿನ ಕಥೆಗಳನ್ನು ಹೇಳಿಕೊಂಡಳು. ಅವುಗಳನ್ನು ಧ್ವನಿ-ಚಿತ್ರಗಳಲ್ಲಿ ಹಿಡಿದಿಡಲಾಯಿತು. 2015ರಲ್ಲಿ ತನ್ನ 87ನೆಯ ವಯಸ್ಸಿನಲ್ಲಿ ಆಕೆಯು ತೀರಿಕೊಂಡಳು. ಅನಂತರ ದೇಹವನ್ನು ಹಿಮಗಟ್ಟಿಸಿ, ಮಿಲಿಮೀಟರಿನ ಸುಮಾರು ಹದಿನಾರನೆಯ ಒಂದು ಪಾಲಿನಷ್ಟು ತೆಳುವಾಗಿ 27,000 ಪದರಗಳಲ್ಲಿ ಚಿತ್ರಿಸಲಾಯಿತು. ಆಕೆಯ ದೇಹದ ಚಿತ್ರಗಳನ್ನು ತೆರೆದು ನೋಡುವ ವಿದ್ಯಾರ್ಥಿಗೆ ಆಕೆಯ ದನಿಯೂ ಕೇಳಿಸಬೇಕೆಂಬುದು ಈ ಯೋಜನೆಯ ಉದ್ದೇಶವಾಗಿದೆ.